ಮುತ್ಯಾನ ಎರಡು ಒಲ್ಲೆ

30 ಏಪ್ರಿಲ್ 2024, ಮಂಗಳವಾರ
ಕಲಬುರಗಿ, ರಾತ್ರಿ 10

ಕನ್ನಡಕದ ಕಡ್ಡಿಗೆ ಆಂಬುಲೆನ್ಸ್‌ನ ಬಿಳಿ ಪಟ್ಟಿ ಸುತ್ತಿಕೊಂಡು ಇದನ್ನು ಬರೆಯುತ್ತಿದ್ದೇನೆ. ಸೂಪರ್ ಮಾರ್ಕೆಟ್ ಕಡೆಯ ಅಂಗಡಿಯವನು ಹೊಸ ಕಡ್ಡಿಗೆ ಎರಡು ದಿನ ಬೇಕು ಅಂದ. ಎಡಗೆನ್ನೆ ಸ್ವಲ್ಪ ಊದಿದೆ. ಯಾರು ಹೊಡೆದರು ಅಂತ ಹೆಂಡತಿ ಕೇಳಿದಳು. ಎಪ್ಪತ್ತು ವರ್ಷದ ಮುತ್ಯಾ ಅಂದೆ. ನಗಬೇಕೋ ಬೈಯಬೇಕೋ ತಿಳಿಯದೆ ಸುಮ್ನೆ ರೊಟ್ಟಿ ಬಡಿಯಲು ಹೋದಳು.

ಬೆಳಿಗ್ಗೆ ಹನ್ನೊಂದೂವರೆಗೆ ಕೇಸ್ ಬಂತು. ಆಳಂದ ರಸ್ತೆ ಕಡೆಯ ಒಂದು ಹಳ್ಳಿ. ‘ವಯಸ್ಸಾದವರು, ಮನೆಯವರಿಗೆ ಹೊಡೀತಿದ್ದಾರೆ’ ಅನ್ನೋದಷ್ಟೇ ಮಾಹಿತಿ. ಪೈಲಟ್ ಅಣ್ಣ ನನ್ನ ಮುಖ ನೋಡಿದ. (108ರಲ್ಲಿ ಡ್ರೈವರ್‌ಗೆ ಪೈಲಟ್ ಅಂತಾರೆ. ನಮ್ಮ ಕೆಲವು ರಸ್ತೆಗಳಲ್ಲಿ ಗಾಡಿ ನೆಲಕ್ಕಿಂತ ಗಾಳಿಯಲ್ಲೇ ಜಾಸ್ತಿ ಇರುತ್ತೆ, ಹಾಗಾಗಿ ಹೆಸರು ತಪ್ಪಲ್ಲ.) ಮುಂದಿನ ಮಂಗಳವಾರವೇ ಮತದಾನ ಅಲ್ವಾ, ಊರ ಅಗಸಿಯಲ್ಲಿ ಪ್ರಚಾರದ ಆಟೋ ಅಡ್ಡ ನಿಂತಿತ್ತು. ಅದು ಸರಿಯೋವರೆಗೂ ನಮ್ಮ ಸೈರನ್ ಅವರ ಮೈಕಿನ ಜೊತೆ ಜಗಳ ಆಡಿತು.

ಮನೆ ಮುಂದೆ ಜಾತ್ರೆಯಷ್ಟು ಜನ. ಪಡಸಾಲೆಯಲ್ಲಿ ಮುತ್ಯಾ ಗೋಡೆಗೆ ಬೆನ್ನು ಹಚ್ಚಿ, ಬಡಿಗೆ ಹಿಡಿದು ನಿಂತಿದ್ದ. ಹಣೆ ತುಂಬ ಭಂಡಾರ. ಬಾಗಿಲಲ್ಲೇ ಎರಡು ಪಾರ್ಟಿ ಆಗಿದ್ದವು. ತಮ್ಮನ ಮಗನದು ಒಂದು: “ಕುಡದಾನ್ರಿ, ಬ್ಯಾರೆ ಏನಿಲ್ಲ.” ಹೆಂಗಸರದು ಇನ್ನೊಂದು: “ಮಂಗಳವಾರ ಒಪ್ಪತ್ತು ಹಿಡದಾರ. ಅಂಬಾಭವಾನಿ ಮೈಮ್ಯಾಲ ಬಂದಾಳ.” ಈ ಕಡೆ ತುಳಜಾಪುರಕ್ಕೆ ನಡೆದುಕೊಳ್ಳುವ ಮನೆಗಳು ಬಹಳ. ಭಂಡಾರ ಹಚ್ಚಿದ್ದು ಅದಕ್ಕೇ.

ನಾನು ತಮ್ಮನ ಮಗನ ಮಾತು ನಂಬಿದೆ. ವಾಸನೆ ಬರುತ್ತಿದ್ದದ್ದು ಅವನ ಬಾಯಿಂದಲೇ ಅನ್ನೋದು ಆಮೇಲೆ ಗೊತ್ತಾಯಿತು. ಹನ್ನೊಂದು ವರ್ಷದಿಂದ ಈ ಕೆಲಸ ಮಾಡ್ತಿದ್ದೇನೆ, ಆದರೂ ಕಿಟ್ ಗಾಡಿಯಲ್ಲೇ ಬಿಟ್ಟು ಬರಿಗೈಲಿ ಒಳಗೆ ಹೋದೆ. “ನಡಿ ಮುತ್ಯಾ, ಗಾಡ್ಯಾಗ ಕೂಡು” ಅಂತ ಭುಜಕ್ಕೆ ಕೈ ಹಾಕಿದೆ.

“ಒಲ್ಲೆ!”

ಆ ಮಾತು, ಏಟು ಎರಡೂ ಒಟ್ಟಿಗೇ ಬಿದ್ದವು. ಪುಣ್ಯಕ್ಕೆ ಬಡಿಗೆ ಇಲ್ಲದ ಕೈಯಿಂದ ಹೊಡೆದ. ಕನ್ನಡಕ ಜಾರಿಕೊಂಡು ಕಣಜದ ಕೆಳಗೆ ಹೋಯಿತು.

ಅದನ್ನು ತಡಕಲು ಬಗ್ಗಿದಾಗ ಅವನ ಕಾಲು ಹತ್ತಿರದಿಂದ ಕಂಡವು. ಮೊಣಕಾಲು ಗಡಗಡ ನಡುಗುತ್ತಿದ್ದವು. ಫರಸಿ ಕಲ್ಲಿನ ಮೇಲೆ ಹಸಿ ಹೆಜ್ಜೆ ಗುರುತು. ನಮ್ಮ ಬಿಸಿಲು ಒಣ ಬಿಸಿಲು. ಬೆವರು ಬಂದಷ್ಟು ಬೇಗ ಆರಿ, ಅಂಗಿ ಮೇಲೆ ಬಿಳಿ ಉಪ್ಪು ಉಳಿಯುತ್ತೆ. ಇವನ ಬನಿಯನ್ ಹಿಂಡಿದರೆ ನೀರು ಬರುವ ಹಾಗಿತ್ತು. ಮುಟ್ಟಿದ ಭುಜ ತಣ್ಣಗಿತ್ತು ಅನ್ನೋದು ಆಗ ನೆನಪಿಗೆ ಬಂತು.

“ಆಯಿ, ಇವರಿಗೆ ಶುಗರ್ ಅದ ಏನು?” ಮುತ್ಯಾನ ಹೆಂಡತಿಯನ್ನು ಕೇಳಿದೆ.

“ಅದಪ್ಪಾ. ಮುಂಜಾನಿ ಗುಳಗಿ ತಗೊಂಡಾರ.”

“ಏನ್ ಉಂಡಾರ?”

“ಒಪ್ಪತ್ತಲ್ಲ, ಚಾ ಅಷ್ಟ.”

ಪೈಲಟ್ ಅಣ್ಣ ಕಿಟ್ ತರಲು ಓಡಿದ. ತಮ್ಮನ ಮಗ ಎತ್ತಿನ ಹಗ್ಗ ತಂದ. ಅದನ್ನು ಹೊರಗೆ ಇಡಿಸಿದೆ. ಇನ್ನೊಬ್ಬ ಬೋರಲು ಕೆಡವಿ ಬೆನ್ನ ಮೇಲೆ ಕೂತುಬಿಡೋಣ ಅಂದ. ಅದು ಇನ್ನೂ ಕೆಟ್ಟದ್ದು. ಮುಖ ಕೆಳಗಾಗಿ ಒತ್ತಿ ಹಿಡಿದರೆ ಎದೆ ಹಿಗ್ಗಲು ಜಾಗ ಇರಲ್ಲ. ಒದ್ದಾಟ ನಿಂತಿತು ಅಂತ ನಾವು ಉಸಿರು ಬಿಡೋ ಹೊತ್ತಿಗೆ ಅವರ ಉಸಿರೇ ನಿಂತಿರಬಹುದು. ಆಯಿ ಒಬ್ಬಳನ್ನು ಬಿಟ್ಟು ಎಲ್ಲರನ್ನೂ ಹೊರಗೆ ಕಳಿಸಿದೆ. ಬಡಿಗೆಗೆ ಸಿಗದಷ್ಟು ದೂರದಲ್ಲಿ, ಬಾಗಿಲ ಹತ್ತಿರ, ನಾನೇ ನೆಲಕ್ಕೆ ಕೂತೆ. ಮಾತಾಡೋದು ಆಯಿಗೆ ಬಿಟ್ಟೆ. ಅವಳು ಎಮ್ಮೆ ಸುದ್ದಿ ತೆಗೆದಳು. ಎಮ್ಮೆ ಕಟ್ಟಿಲ್ಲ, ಮೇವು ಹಾಕಿಲ್ಲ, ನೀವ್ ಹಿಂಗ ನಿಂತ್ರ ಹ್ಯಾಂಗ. ಮುತ್ಯಾಗೆ ಎಷ್ಟು ತಿಳೀತೋ, ಮೊಣಕಾಲು ಸೋತು ಕುಸಿದು ಕೂತ. ಬೆರಳಿಗೆ ಚುಚ್ಚಿದೆ.

34.

ಎಪ್ಪತ್ತರ ಕೆಳಗೆ ಹೋದರೇ ಕಡಿಮೆ ಅಂತೀವಿ. ಮಿದುಳು ಬದುಕೋದು ಹೆಚ್ಚಾಗಿ ಸಕ್ಕರೆ ಮೇಲೆ. ಅದಕ್ಕೆ ಉಪವಾಸ ಬಿದ್ದರೆ ಹೆಂಡತಿ ಯಾರು, ಕಳ್ಳ ಯಾರು ಅನ್ನೋದೂ ತಿಳಿಯಲ್ಲ. ‘ಕುಡದಾನ್ರಿ’ ಅಂತ ನಮ್ಮ ಗಾಡಿ ಹತ್ತಿಸಿದವರಲ್ಲಿ ಎಷ್ಟು ಥರ ನೋಡಿಲ್ಲ! ಬೈಕ್‌ನಿಂದ ಬಿದ್ದು ತಲೆಗೆ ಪೆಟ್ಟಾದವರು, ಆಕ್ಸಿಜನ್ ಇಳಿದವರು, ಹತ್ತಿಗೆ ಔಷಧಿ ಹೊಡೆದು ಅದೇ ವಿಷ ಮೈಗೇರಿದವರು. ಕುಡಿದವನಿಗೂ ಶುಗರ್ ಇಳಿಯುತ್ತೆ ಅನ್ನೋದು ಬೇರೆ.

ಕಾಲ್ ಸೆಂಟರ್‌ನ ಡಾಕ್ಟರನ್ನು ಲೈನಿಗೆ ತೆಗೆದುಕೊಂಡೆ. 25 ಪರ್ಸೆಂಟ್ ಡೆಕ್ಸ್‌ಟ್ರೋಸ್, ಅಂದರೆ ನರಕ್ಕೆ ಕೊಡುವ ಸಕ್ಕರೆ ದ್ರಾವಣ, 100 ಎಂ.ಎಲ್. ಕೊಡು ಅಂದರು. ಸಕ್ಕರೆ ನೀರು ಬಾಯಿಗೆ ಹೊಯ್ದರೆ ಆಗಲ್ವಾ ಅಂತ ಹೊರಗಿಂದ ಯಾರೋ ಕೂಗಿದರು. ಅರ್ಧ ಎಚ್ಚರ ಇದ್ದವರ ಬಾಯಿಗೆ ಹಾಕಿದ್ದು ಶ್ವಾಸಕೋಶಕ್ಕೆ ಹೋಗಬಹುದು. ನರದಲ್ಲಿ ಕೊಡೋದೂ ಸಲೀಸಲ್ಲ. ಈ ನೀರು ಮಂದ, ನರ ಬಿಟ್ಟು ಹೊರಗೆ ಸೋರಿದರೆ ಸುತ್ತಲಿನ ಮಾಂಸ ಕೊಳೆಯಬಹುದು. ಪೈಲಟ್ ಅಣ್ಣ ಮೊಣಕೈ ಹಿಡಿದ, ತಮ್ಮನ ಮಗನನ್ನೇ ಕರೆದು ಕಾಲ ಹತ್ತಿರ ಕೂರಿಸಿದೆ. ಆ ಕಡ್ಡಿ ಮುರಿದ ಕನ್ನಡಕ ಒಂದೇ ಕಿವಿಗೆ ನೇತುಬಿದ್ದಿತ್ತು. ಎರಡನೇ ಸಲಕ್ಕೆ ನರ ಸಿಕ್ಕಿತು.

ಬಾಟಲಿ ಮುಗಿಯುವ ಮೊದಲೇ ಮುತ್ಯಾನ ಕಣ್ಣು ಒಂದು ಕಡೆ ನಿಂತವು. ಮೊದಲು ಆಯಿ ಮೇಲೆ, ಆಮೇಲೆ ನನ್ನ ಮೇಲೆ, ಆಮೇಲೆ ಕಿಟಕಿಗೆ ಜೋತುಬಿದ್ದ ಮುಖಗಳ ಮೇಲೆ.

“ಇಷ್ಟ್ ಮಂದಿ ಯಾಕ ಕೂಡ್ಯಾರ? ವೋಟ್ ಕೇಳಲಾಕ ಬಂದೀರೇನು?”

ಶುಗರ್ 162. ಆಯಿ ರೊಟ್ಟಿ ಮೊಸರು ಕಲಸಿ ತಂದಳು. ಒಪ್ಪತ್ತು ಅಂತ ಅವನು ಮುಖ ತಿರುಗಿಸಿದ. “ಆಕಿ ನೋಡ್ಕೋತಾಳ, ನೀವ್ ಉಣ್ರಿ” ಅಂತ ಅಂಬಾಭವಾನಿ ಕಡೆಯಿಂದ ಆಯಿಯೇ ಅಪ್ಪಣೆ ಕೊಟ್ಟಳು. ಉಂಡ. ಬಾಯಿ ಒರೆಸಿಕೊಂಡ. ಆಸ್ಪತ್ರೆಗೆ ಹೋಗೋಣ ಅಂದೆ.

“ಒಲ್ಲೆಪ್ಪಾ. ಈಗ ಛಂದ ಅದೀನಿ.”

ಅರ್ಧ ಗಂಟೆ ಹಿಂದೆ ಇದೇ ಬಾಯಿಂದ ಬಂದ ಒಲ್ಲೆಗೆ ನಾನು ಕಿವಿಗೊಡಲಿಲ್ಲ. ಕೊಡದಿದ್ದದ್ದೇ ಸರಿ. ಈಗಿನದ್ದು ಹಾಗಲ್ಲ. ಇವತ್ತು ಯಾವ ವಾರ, ತಾನು ಯಾರು, ನಾನು ಯಾಕೆ ಬಂದಿದ್ದೇನೆ, ಎಲ್ಲ ಸರಿಯಾಗಿ ಹೇಳಿದ. ಬುದ್ಧಿ ನೆಟ್ಟಗಿರುವ ಮನುಷ್ಯ ಬೇಡ ಅಂದರೆ ಹೊತ್ತು ಒಯ್ಯೋ ಹಕ್ಕು ನನಗಿಲ್ಲ. ಬರೆಸಿಕೊಂಡು, ಸಹಿ ಹಾಕಿಸಿಕೊಂಡು ಎದ್ದು ಬರಬಹುದು. ಆದರೆ ಗುಳಿಗೆ ಚೀಟಿ ನೋಡಿದ್ದೆ. ಗ್ಲಿಮೆಪಿರೈಡ್. ಈ ಜಾತಿ ಗುಳಿಗೆ ದಿನವಿಡೀ ಶುಗರ್ ಕೆಳಗೆ ಎಳೆಯುತ್ತಲೇ ಇರುತ್ತೆ, ವಯಸ್ಸಾಗಿ ಕಿಡ್ನಿ ಸೋತವರಲ್ಲಿ ಇನ್ನೂ ಜಾಸ್ತಿ. ನಾನು ಕೊಟ್ಟ ಬಾಟಲಿ ಅಷ್ಟು ಹೊತ್ತು ತಡೆಯಲ್ಲ. ರಾತ್ರಿ ನಿದ್ದೆಯಲ್ಲಿ ಇಳಿದರೆ ಬಡಿಗೆ ಎತ್ತೋಕೂ ಏಳಲ್ಲ.

ಇದನ್ನೆಲ್ಲ ಹೇಳಿದೆ. ತಲೆಯಾಡಿಸಿದ, ಮತ್ತೆ ಒಲ್ಲೆ ಅಂದ. ಸಹಿ ಹಾಕುವ ಹಾಳೆ ತೆಗೆದೆ. ಆಮೇಲೆ, ಯಾಕೋ, ಮಡಚಿ ಜೇಬಿಗೆ ಇಟ್ಟು “ಯಾಕ ಒಲ್ಲೆ ಮುತ್ಯಾ?” ಅಂದೆ. ಅಲ್ಲಿವರೆಗೆ ಅದನ್ನೇ ಕೇಳಿರಲಿಲ್ಲ.

ಮಕ್ಕಳಿಬ್ಬರೂ ಪುಣೆಯಲ್ಲಿ ದುಡಿಯುತ್ತಾರೆ. ಆಯಿ ಒಬ್ಬಳೇ ಮನೆಯಲ್ಲಿ. ಸಂಜೆ ಎಮ್ಮೆ ಹಿಂಡೋರು ಯಾರು?

ಬಾಗಿಲಲ್ಲಿ ನಿಂತಿದ್ದ ತಮ್ಮನ ಮಗ ನೆಲ ನೋಡುತ್ತಾ, “ಎಮ್ಮಿ ನಾ ನೋಡ್ಕೋತೀನಿ ದೊಡ್ಡಪ್ಪ” ಅಂದ. ಆಯಿ ಮನೆಗೆ ಕೀಲಿ ಹಾಕಿ, ಸೀರೆ ಗಂಟು ಹಿಡಿದು, ಗಂಡನಿಗಿಂತ ಮೊದಲೇ ಗಾಡಿ ಹತ್ತಿ ಕೂತಳು.

ಆಸ್ಪತ್ರೆ ಗೇಟಿನಲ್ಲಿ ಮತ್ತೆ ಚುಚ್ಚಿದಾಗ 71.

ದಾರಿಯಲ್ಲಿ ಮುತ್ಯಾ ನನ್ನನ್ನೇ ಬಹಳ ಹೊತ್ತು ನೋಡಿದ. “ತಮ್ಮಾ, ನಿನ್ನ ಚಸ್ಮಾ ಹ್ಯಾಂಗ ಮುರೀತು?”

“ಬಾಗ್ಲಾ ಬಡೀತು ಮುತ್ಯಾ.”

ಆಯಿ ಸೆರಗು ಬಾಯಿಗೆ ಒತ್ತಿಕೊಂಡು ಕಿಟಕಿ ಕಡೆ ತಿರುಗಿದಳು. ಮುತ್ಯಾ ಅವಳನ್ನು ನೋಡಿದ, ನನ್ನ ಕೆನ್ನೆ ನೋಡಿದ, ತನ್ನ ಅಂಗೈ ನೋಡಿಕೊಂಡ.

“ಯಾರ ಮನಿ ಬಾಗ್ಲಾ?” ಅಂದ.