ಒಳಗೂ ಹೊರಗೂ ಒಂದೇ ಕಲ್ಲು

ಆನೆಗೊಂದಿ ಹತ್ತಿರ ಗೆಳೆಯನ ಬಾಳೆ ತೋಟದಲ್ಲಿ ಒಂದು ಸಣ್ಣ ಮನೆ ಏಳುತ್ತಿದೆ. ಇವತ್ತು ನೆಲಕ್ಕೆ ಶಹಾಬಾದ್ ಕಲ್ಲು ಹಾಸುತ್ತಿದ್ದರು.

ಒಳಗೆ ಟೈಲ್ಸ್, ಹೊರಗೆ ಸಿಮೆಂಟು ಅಂತ ಮೊದಲು ಮಾತಾಗಿತ್ತು. ಗೌಂಡಿ ಕಾಕಾನೇ ಬೇಡ ಅಂದರು. "ಪಡಸಾಲಿಯಿಂದ ಕಟ್ಟಿ ತನಕ ಒಂದೇ ಕಲ್ಲು ಹೋಗ್ಲಿ ತಮ್ಮಾ. ಹೊರಗಿಂದು ಒಂದು ಇಂಚು ಕೆಳಗ ಇರ್ಲಿ, ಮಳಿ ನೀರು ಒಳಗ ಬರಂಗಿಲ್ಲ."

ಎಷ್ಟು ಸರಿಯಾದ ಮಾತು! ಬಾಗಿಲು ತೆಗೆದರೆ ಕೋಣೆ ಎಲ್ಲಿ ಮುಗಿಯಿತು, ಅಂಗಳ ಎಲ್ಲಿ ಶುರುವಾಯಿತು, ಗೊತ್ತೇ ಆಗುವುದಿಲ್ಲ.

ನಮ್ಮ ಕಡೆ ಬೇಸಿಗೆ 40 ಡಿಗ್ರಿ ದಾಟುತ್ತದೆ. ಗಾಜಿನ ಗೋಡೆ ನಿಲ್ಲಿಸಿ ಏಸಿ ಹಾಕಿದರೆ ಅದು ತೋಟದ ಮನೆ ಹೇಗಾಗುತ್ತದೆ, ಅಲ್ವಾ? ಪಡುವಣ ಗೋಡೆ ದಪ್ಪ ಇರಲಿ, ಕಿಟಕಿ ಬೇಡ. ಉತ್ತರಕ್ಕೆ ಅಗಲ ಬಾಗಿಲು.

ಕಟ್ಟೆ ಮಾತ್ರ ಇಬ್ಬರು ಆರಾಮಾಗಿ ಮಲಗುವಷ್ಟು ಬೇಕೇ ಬೇಕು. ಹಟ ಹಿಡಿದು ಅಳತೆ ಬರೆಸಿ ಬಂದಿದ್ದೇನೆ.