ಹೊಸ ವೈಫೈ ರೂಟರ್ ಕೌಂಟರ್‌ಗೆ ಹೊರಡುವ ಮುಂಚೆ

ಕಾರ್ಯಕ್ರಮಗಳಿಗೆ ನೋಂದಣಿ ಕೌಂಟರ್ ಹಾಕಿಕೊಡುವ ಸಣ್ಣ ಕಂಪನಿ ನಮ್ಮದು. ಆಫೀಸು ಬೆಂಗಳೂರಿನ ರಾಜಾಜಿನಗರದಲ್ಲಿ. ಸಮ್ಮೇಳನ, ವಸ್ತುಪ್ರದರ್ಶನ, ಕಾಲೇಜು ಹಬ್ಬ, ಹೀಗೆ ಎಲ್ಲೆಲ್ಲಿ ಜನ ಸಾಲಲ್ಲಿ ನಿಂತು ಹೆಸರು ಹೇಳಿ ಬ್ಯಾಡ್ಜ್ ತಗೊಳ್ಳುತ್ತಾರೋ ಅಲ್ಲೆಲ್ಲ ನಮ್ಮವರು ಲ್ಯಾಪ್‌ಟಾಪ್, ಸ್ಕ್ಯಾನರ್, ಪ್ರಿಂಟರ್ ಇಟ್ಟುಕೊಂಡು ಕೂತಿರುತ್ತಾರೆ. ಅವಕ್ಕೆಲ್ಲ ಇಂಟರ್‌ನೆಟ್ ಕೊಡುವುದು ಅಂಗೈಯಗಲದ ಒಂದು ಪೋರ್ಟಬಲ್ ರೂಟರ್. ಸಿಮ್ ಹಾಕಿದರೆ ವೈಫೈ ಕೊಡುವ ಡಬ್ಬ. ಅದನ್ನು ಕೊಳ್ಳುವುದು, ಮೊದಲ ಸಲ ಸಿದ್ಧ ಮಾಡುವುದು, ಟೀಮಿನ ಕೈಗೆ ಕೊಡುವುದು ನನ್ನ ಕೆಲಸ.

ಹೊಸಬರು ಸೇರಿದಾಗಲೆಲ್ಲ ಎರಡು ಪ್ರಶ್ನೆ ಬರುತ್ತವೆ. ಸಭಾಂಗಣದಲ್ಲೇ ವೈಫೈ ಇರುತ್ತಲ್ವಾ? ಇರುತ್ತದೆ. ಆದರೆ ಬಹಳ ಕಡೆ ಅದಕ್ಕೆ ಫೋನ್ ನಂಬರ್ ಕೊಟ್ಟು ಒಟಿಪಿ ಹಾಕಬೇಕು. ನಮ್ಮ ಪ್ರಿಂಟರ್‌ಗೆ ಒಟಿಪಿ ಹಾಕೋಕೆ ಬರುವುದಿಲ್ಲ. ಎರಡನೆಯದು, ಫೋನಿನ ಹಾಟ್‌ಸ್ಪಾಟ್ ಸಾಲದಾ? ಒಬ್ಬರೇ ಕೂತು ಮೇಲ್ ನೋಡುವುದಕ್ಕೆ ಸಾಕು. ಕೌಂಟರ್‌ನಲ್ಲಿ ಆ ಫೋನಿನ ಮಾಲೀಕರು ಟೀ ಕುಡಿಯೋಕೆ ಎದ್ದು ಹೋದರೆ ಇಂಟರ್‌ನೆಟ್ ಕೂಡ ಅವರ ಜೇಬಿನಲ್ಲೇ ಟೀ ಅಂಗಡಿಗೆ ಹೋಗುತ್ತದೆ.

ಕಾರ್ಯಕ್ರಮದ ಜಾಗದಿಂದ ನನಗೆ ಬರುವ ಫೋನ್ ಕರೆಗಳಲ್ಲಿ ಹೆಚ್ಚಿನವು ಒಂದೇ ಮಾತಿನಿಂದ ಶುರುವಾಗುತ್ತವೆ: "ಸರ್, ವೈಫೈ ಬರ್ತಿಲ್ಲ." ಈ ಒಂದು ಮಾತಿನ ಒಳಗೆ ಮೂರು ಬೇರೆ ಬೇರೆ ತೊಂದರೆ ಅಡಗಿರಬಹುದು. ಲ್ಯಾಪ್‌ಟಾಪ್ ಮತ್ತು ರೂಟರ್ ನಡುವಿನ ಸಂಪರ್ಕ ಒಂದು. ರೂಟರ್ ಮತ್ತು ಮೊಬೈಲ್ ಟವರ್ ನಡುವಿನದು ಇನ್ನೊಂದು. ಸಿಮ್‌ನಲ್ಲಿ ಚಾಲ್ತಿಯಲ್ಲಿರುವ ಪ್ಲಾನ್ ಇದೆಯೋ ಇಲ್ಲವೋ ಅನ್ನುವುದು ಮೂರನೆಯದು. ವೈಫೈ ಗುರುತು ತುಂಬಾ ಕಾಣುತ್ತಿದ್ದರೂ ಕೊನೆಯ ಎರಡರಲ್ಲಿ ಒಂದು ಕೈಕೊಟ್ಟಿರಬಹುದು. ಹಾಗಾಗಿ ಹೊಸ ರೂಟರ್ ಬಂದಾಗ ನಾನು ಮಾಡುವುದೆಲ್ಲ ಈ ಮೂರನ್ನೂ ಒಂದೊಂದಾಗಿ ಪರೀಕ್ಷಿಸುವುದು. ಮೂರನ್ನೂ ಒಟ್ಟಿಗೆ ಶುರು ಮಾಡಿದರೆ ತಪ್ಪು ಎಲ್ಲಿದೆ ಅಂತ ಹುಡುಕೋಕೆ ಅರ್ಧ ದಿನ ಹೋಗುತ್ತದೆ.

ಶುರು ಮಾಡುವುದು ಸಿಮ್‌ನಿಂದ. ಅದೂ ರೂಟರ್‌ನಲ್ಲಿ ಅಲ್ಲ, ಫೋನ್‌ನಲ್ಲಿ. ಹೊಸ ಸಿಮ್ ಅನ್ನು ಯಾವುದಾದರೂ ಫೋನಿಗೆ ಹಾಕಿ, ಫೋನಿನ ವೈಫೈ ಆರಿಸಿ, ಮೊಬೈಲ್ ಡೇಟಾದಲ್ಲಿ ಒಂದು ಪುಟ ತೆರೆದು ನೋಡಬೇಕು. ತೆರೆದರೆ ಸಿಮ್ ಚಾಲೂ ಆಗಿದೆ, ಪ್ಲಾನ್ ಇದೆ ಅಂತ ಅರ್ಥ. ತೆರೆಯದಿದ್ದರೆ ರೂಟರ್ ಪೆಟ್ಟಿಗೆ ಒಡೆಯುವ ಅಗತ್ಯವೇ ಇಲ್ಲ, ಮೊದಲು ರೀಚಾರ್ಜ್ ಸರಿ ಮಾಡಿಸಬೇಕು. ಇಲ್ಲಿ ಜಾಸ್ತಿ ಜನ ಎಡವುವುದು ಡೇಟಾ ಪ್ಯಾಕ್ ವಿಷಯದಲ್ಲಿ. ಸಾಮಾನ್ಯವಾಗಿ ಮೇಲಿನಿಂದ ಹಾಕಿಸುವ ಡೇಟಾ ಪ್ಯಾಕ್ ಕೆಲಸ ಮಾಡಬೇಕಾದರೆ ಅದರ ಕೆಳಗೆ ಅವಧಿ ಮುಗಿಯದ ಮೂಲ ಪ್ಲಾನ್ ಇರಬೇಕು. ಬರೀ ಡೇಟಾ ಹಾಕಿಸಿ "ದುಡ್ಡು ಹೋಯ್ತು, ನೆಟ್ ಬರ್ಲಿಲ್ಲ" ಅನ್ನುವವರನ್ನು ಬೇಕಾದಷ್ಟು ನೋಡಿದ್ದೇನೆ.

ಫೋನಿನಲ್ಲಿ ಇರುವಾಗಲೇ ಸಿಮ್‌ನ ಪಿನ್ ಲಾಕ್ ಕೂಡ ತೆಗೆದುಬಿಡುತ್ತೇನೆ. ಅದು ಹಾಗೇ ಇದ್ದರೆ ರೂಟರ್ ಆನ್ ಆದಾಗಲೆಲ್ಲ ಪಿನ್ ಕೇಳಬಹುದು. ಮೂರು ಸಲ ತಪ್ಪು ಪಿನ್ ಹೊಡೆದರೆ ಸಿಮ್ ಬೀಗ ಹಾಕಿಕೊಂಡು ಬೀಗ ತೆಗೆಯುವ 8 ಅಂಕಿಯ ಸಂಖ್ಯೆ, ಅಂದರೆ ಪಿಯುಕೆ, ಕೇಳುತ್ತದೆ. ಪಿಯುಕೆಯನ್ನೂ ಹತ್ತು ಸಲ ತಪ್ಪು ಹೊಡೆದರೆ ಆ ಸಿಮ್ ಕಥೆ ಮುಗಿಯಿತು. ಕೌಂಟರ್ ತೆರೆಯುವ ಗಡಿಬಿಡಿಯಲ್ಲಿ ಯಾರೋ ಒಬ್ಬರು ಸುಮ್ನೆ 1234 ಒತ್ತಿ ನೋಡೇ ನೋಡುತ್ತಾರೆ.

ಆಮೇಲೆ ಡಬ್ಬ. ಈಗಿನ ಸಿಮ್‌ಗಳು ನ್ಯಾನೋ ಅಳತೆಯವು, 12.3 ಮಿಮೀ ಉದ್ದ, 8.8 ಮಿಮೀ ಅಗಲ. ಹಲವು ಹಳೆ ಮಾದರಿಯ ರೂಟರ್‌ಗಳಲ್ಲಿ ಇರುವುದು 15ಕ್ಕೆ 12 ಮಿಮೀ ಮೈಕ್ರೋ ಜಾಗ. ಆಗ ಪ್ಲಾಸ್ಟಿಕ್ ಅಡಾಪ್ಟರ್ ಬೇಕು. ಅಡಾಪ್ಟರ್ ಇಲ್ಲದೆ ನ್ಯಾನೋ ಸಿಮ್ ತಳ್ಳಿದರೆ ಒಳಗೆ ಜಾರಿ ಸಿಕ್ಕಿಕೊಳ್ಳುತ್ತದೆ. ಖಾಲಿ ಅಡಾಪ್ಟರ್ ತಳ್ಳಿದರೆ ಹೊರಗೆ ಎಳೆಯುವಾಗ ಒಳಗಿನ ಪಿನ್ನುಗಳು ಬಾಗುತ್ತವೆ. ಸಿಮ್ ಹಾಕುವಾಗ ರೂಟರ್ ಆಫ್ ಇರಲಿ.

ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಕಡಿಮೆ ಬೆಲೆಗೆ ಸಿಗುತ್ತೆ ಅಂತ ಓಡುವವರಿಗೆ ಎರಡು ಮಾತು. ಮೊಬೈಲ್ ಕಂಪನಿಗಳೇ ತಮ್ಮ ಹೆಸರಿನಲ್ಲಿ ಮಾರಿದ ರೂಟರ್‌ಗಳು ಸಾಮಾನ್ಯವಾಗಿ ಅದೇ ಕಂಪನಿಯ ಸಿಮ್‌ಗೆ ಬೀಗ ಹಾಕಿಕೊಂಡಿರುತ್ತವೆ. ಜಿಯೋಫೈಗೆ ಜಿಯೋ ಸಿಮ್ಮೇ ಬೇಕು. ಇನ್ನು ವಿದೇಶದಿಂದ ತಂದ ರೂಟರ್ ಆದರೆ ಅದರ ಬ್ಯಾಂಡ್ ಪಟ್ಟಿ, ಅಂದರೆ ಅದು ಯಾವ ಯಾವ ತರಂಗಗಳ ಸಿಗ್ನಲ್ ಹಿಡಿಯುತ್ತದೆ ಅನ್ನುವುದನ್ನು ನೋಡಬೇಕು. ನಮ್ಮಲ್ಲಿ 4ಜಿಗೆ ಹೆಚ್ಚಾಗಿ ಬಳಕೆಯಲ್ಲಿರುವುದು ಬ್ಯಾಂಡ್ 3, 5, 40 ಇಂಥವು, ಅಂದರೆ 1800, 850, 2300 ಮೆಗಾಹರ್ಟ್ಸ್. ಪಟ್ಟಿಯಲ್ಲಿ 40 ಇಲ್ಲದ ರೂಟರ್ ಇಲ್ಲೂ ನಡೆಯುತ್ತದೆ, ಆದರೆ ಕೆಲವು ಕಡೆ ಕುಂಟುತ್ತದೆ. ಅಂಗಡಿಯಲ್ಲಿ ಸಿಗ್ನಲ್ ತುಂಬ ಕಂಡಿತು ಅಂತ ಮೋಸ ಹೋಗಬೇಡಿ.

ಬ್ಯಾಟರಿ ವಿಷಯ ಬೇಗ ಮುಗಿಸುತ್ತೇನೆ. ಹೊಸ ಬ್ಯಾಟರಿಯ ಮೇಲೆ ತೆಳ್ಳನೆ ಪ್ಲಾಸ್ಟಿಕ್ ಪಟ್ಟಿ ಅಂಟಿಸಿರಬಹುದು, ಕಿತ್ತು ಹಾಕಿ. ಮೊದಲ ಸಲ ಪೂರ್ತಿ ಚಾರ್ಜ್ ಮಾಡದಿದ್ದರೆ ಬ್ಯಾಟರಿ ಹಾಳಾಗುತ್ತದೆ ಅನ್ನುವುದು ಹಳೆಯ ಕಾಲದ ಬ್ಯಾಟರಿಯ ಮಾತು, ಲಿಥಿಯಂ ಬ್ಯಾಟರಿಗೆ ಅದು ಬೇಕಿಲ್ಲ. ಆದರೂ ನಾನು ಚಾರ್ಜ್ ತುಂಬಿಸಿಯೇ ಶುರು ಮಾಡುತ್ತೇನೆ, ಕಾರಣ ಬೇರೆ. ಮೊದಲ ದಿನವೇ ಸಾಫ್ಟ್‌ವೇರ್ ಅಪ್‌ಡೇಟ್ ಬರಬಹುದು. ಅರ್ಧದಲ್ಲಿ ರೂಟರ್ ಆರಿದರೆ ಮತ್ತೆ ಎದ್ದೇಳುವ ಭರವಸೆ ಇಲ್ಲ.

ಈಗ ಅತಿ ಹೆಚ್ಚು ತಲೆ ತಿನ್ನುವ ಭಾಗ, ರೂಟರ್‌ನ ಒಳಪುಟ, ಅಂದರೆ ಸೆಟ್ಟಿಂಗ್ ಪುಟ ತೆರೆಯುವುದು. ಬ್ಯಾಟರಿಯ ಕೆಳಗೋ ಹಿಂಬದಿಯ ಚೀಟಿಯಲ್ಲೋ ವೈಫೈ ಹೆಸರು ಮತ್ತು ಪಾಸ್‌ವರ್ಡ್ ಇರುತ್ತದೆ. ಫೋನಿನಿಂದ ಅದಕ್ಕೆ ಸೇರಿ, ಬ್ರೌಸರಿನ ಮೇಲುಪಟ್ಟಿಯಲ್ಲಿ ಚೀಟಿಯಲ್ಲಿರುವ ವಿಳಾಸ ಟೈಪ್ ಮಾಡಬೇಕು. ಸಾಮಾನ್ಯವಾಗಿ 192.168.0.1 ಅಥವಾ 192.168.1.1, ಹುವಾವೇ ಆದರೆ 192.168.8.1. ಇಷ್ಟು ಸುಲಭ. ಆದರೂ ಪುಟ ತೆರೆಯುವುದಿಲ್ಲ! ಯಾಕೆಂದರೆ ರೂಟರ್‌ನಲ್ಲಿ ಇನ್ನೂ ಇಂಟರ್‌ನೆಟ್ ಇಲ್ಲ. "ಈ ವೈಫೈಯಲ್ಲಿ ನೆಟ್ ಇಲ್ಲ" ಅಂತ ಫೋನು ಜಾಣತನ ತೋರಿಸಿ ತನ್ನ ಮೊಬೈಲ್ ಡೇಟಾಗೆ ಜಿಗಿದಿರುತ್ತದೆ. ಮೊಬೈಲ್ ಡೇಟಾ ಆರಿಸಿದರೆ ಪುಟ ಬರುತ್ತದೆ. ಆಫೀಸ್ ಲ್ಯಾಪ್‌ಟಾಪಿನಲ್ಲಿ ಮಾಡುತ್ತಿದ್ದರೆ ಆಫೀಸಿನ ಜಾಲಕ್ಕೆ ಸೇರಿಸುವ ವಿಪಿಎನ್ ಕೂಡ ಅಡ್ಡ ಬರಬಹುದು, ಅದನ್ನೂ ಸ್ವಲ್ಪ ಹೊತ್ತು ನಿಲ್ಲಿಸಿ. ರೂಟರ್ ಕೆಟ್ಟಿದೆ ಅಂತ ಅಂಗಡಿಗೆ ವಾಪಸ್ ಕೊಂಡೊಯ್ಯುವ ಮುಂಚೆ ಇವೆರಡನ್ನು ನೋಡಿ ಅಂತ ಎಲ್ಲರಿಗೂ ಹೇಳುತ್ತೇನೆ.

ಪುಟಕ್ಕೆ ಒಂದು ಪಾಸ್‌ವರ್ಡ್, ವೈಫೈಗೆ ಇನ್ನೊಂದು. ಎರಡೂ ಬೇರೆ. ವೈಫೈ ಪಾಸ್‌ವರ್ಡ್ ಟೀಮಿಗೆಲ್ಲ ಗೊತ್ತಿರಬೇಕು, ಒಳಪುಟದ್ದು ನನಗೆ ಮತ್ತು ಟೀಮ್ ಮುಖ್ಯಸ್ಥರಿಗೆ ಮಾತ್ರ. ಕಂಪನಿಯಿಂದ ಬಂದ ಒಳಪುಟದ ಪಾಸ್‌ವರ್ಡ್ ಬಹಳ ರೂಟರ್‌ಗಳಲ್ಲಿ ಎಲ್ಲರೂ ಊಹಿಸುವಂಥ ಒಂದೇ ಪದ. ಅದನ್ನು ಹಾಗೇ ಬಿಟ್ಟರೆ, ವೈಫೈಗೆ ಸೇರಿದ ಯಾರು ಬೇಕಾದರೂ ಒಳಗೆ ಬಂದು ಆಟ ಆಡಬಹುದು. ಕಾಲೇಜು ಹಬ್ಬದಲ್ಲಿ ಇದು ಬರೀ ಭಯ ಅಲ್ಲ ಅಂತ ಗೊತ್ತಿರಲಿ. ವೈಫೈ ಪಾಸ್‌ವರ್ಡ್ ಇಡುವಾಗ ಸೊನ್ನೆ ಮತ್ತು ಓ, ಒಂದು ಮತ್ತು ಎಲ್ ಇವನ್ನು ನಾನು ಸೇರಿಸುವುದಿಲ್ಲ. ಗಲಾಟೆಯಲ್ಲಿ ಫೋನಿನಲ್ಲಿ ಕೂಗಿ ಹೇಳಬೇಕಾಗುತ್ತದೆ. ಭದ್ರತೆ ಡಬ್ಲ್ಯೂಪಿಎ2 ಅಥವಾ ಅದಕ್ಕಿಂತ ಹೊಸದು ಇರಲಿ. ಡಬ್ಲ್ಯೂಪಿಎಸ್ ಅನ್ನುವ, ಪಾಸ್‌ವರ್ಡ್ ಇಲ್ಲದೆ ಬಟನ್ ಒತ್ತಿ ವೈಫೈಗೆ ಸೇರಿಸುವ ಸೌಲಭ್ಯ ಆರಿಸಿಬಿಡಿ.

ಇಷ್ಟಾದರೂ ನೆಟ್ ಬರದಿದ್ದರೆ ಎಪಿಎನ್, ಅಂದರೆ ರೂಟರ್ ಮೊಬೈಲ್ ಕಂಪನಿಯ ಇಂಟರ್‌ನೆಟ್‌ಗೆ ಸೇರುವ ಬಾಗಿಲಿನ ಹೆಸರು ನೋಡಬೇಕು. ಎಷ್ಟೋ ರೂಟರ್‌ಗಳು ಸಿಮ್ ನೋಡಿ ತಾವೇ ತುಂಬಿಕೊಳ್ಳುತ್ತವೆ, ಕೆಲವು ತುಂಬಿಕೊಳ್ಳುವುದಿಲ್ಲ. ಜಿಯೋಗೆ ಜಿಯೋನೆಟ್, ಬಿಎಸ್‌ಎನ್‌ಎಲ್‌ಗೆ ಬಿಎಸ್‌ಎನ್‌ಎಲ್‌ನೆಟ್, ಏರ್‌ಟೆಲ್‌ಗೆ ಏರ್‌ಟೆಲ್‌ಜಿಪಿಆರ್‌ಎಸ್ ಡಾಟ್ ಕಾಮ್. ಎಲ್ಲವೂ ಇಂಗ್ಲಿಷ್ ಸಣ್ಣ ಅಕ್ಷರ, ನಡುವೆ ಜಾಗ ಬಿಡಬಾರದು. ಯೂಸರ್ ಹೆಸರು, ಪಾಸ್‌ವರ್ಡ್ ಖಾಲಿ. ಅದೇ ಸಿಮ್ ಫೋನಿನಲ್ಲಿ ಓಡಿತ್ತು ಅಂತ ನಮಗೆ ಮೊದಲೇ ಗೊತ್ತಿರುವುದರಿಂದ, ಇಲ್ಲಿ ಬರೀ ರೂಟರ್ ಸೆಟ್ಟಿಂಗ್ ಮೇಲೆ ಕಣ್ಣಿಟ್ಟರೆ ಸಾಕು.

ಎಪಿಎನ್ ಪಕ್ಕದಲ್ಲೇ ಡೇಟಾ ರೋಮಿಂಗ್ ಅನ್ನುವ ಗುಂಡಿ ಇರುತ್ತದೆ. ಬೆಂಗಳೂರಿನವರಿಗೆ ಇದು ಮುಖ್ಯ. ಎಲೆಕ್ಟ್ರಾನಿಕ್ ಸಿಟಿ ದಾಟಿ ಅತ್ತಿಬೆಲೆ ಮುಗಿದರೆ ಹೊಸೂರು, ಅಂದರೆ ಮೊಬೈಲ್ ಕಂಪನಿಗಳ ಲೆಕ್ಕದಲ್ಲಿ ಬೇರೆ ವಲಯ, ತಮಿಳುನಾಡು ಸರ್ಕಲ್. ಹೊಸೂರಿನ ಕಾರ್ಖಾನೆಯ ಕಾರ್ಯಕ್ರಮಕ್ಕೆ ಹೋದಾಗ ಕೆಲವು ರೂಟರ್‌ಗಳು ಇದನ್ನು ರೋಮಿಂಗ್ ಅಂದುಕೊಂಡು ಡೇಟಾ ನಿಲ್ಲಿಸಿಬಿಡುತ್ತವೆ. ಗುಂಡಿ ಆನ್ ಮಾಡಿಟ್ಟರೆ ಆಯಿತು.

ಕೌಂಟರ್ ಕೆಲಸಕ್ಕೇ ಬೇಕಾದ ಕೆಲವು ವಿಷಯ ಪೆಟ್ಟಿಗೆಯ ಜೊತೆ ಬರುವ ಪುಸ್ತಕದಲ್ಲಿ ಎದ್ದು ಕಾಣುವುದಿಲ್ಲ. ನಮ್ಮ ಬ್ಯಾಡ್ಜ್ ಪ್ರಿಂಟರ್‌ಗಳಿಗೆ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಗೊತ್ತು. ರೂಟರನ್ನು 5 ಗಿಗಾಹರ್ಟ್ಸ್‌ಗೆ ಇಟ್ಟರೆ ಲ್ಯಾಪ್‌ಟಾಪ್ ಖುಷಿಯಾಗುತ್ತದೆ, ಪ್ರಿಂಟರ್‌ಗೆ ಅದು ಕಾಣುವುದೇ ಇಲ್ಲ. ಎಪಿ ಐಸೋಲೇಷನ್ ಅಂತ ಇನ್ನೊಂದಿದೆ. ಒಂದೇ ವೈಫೈಗೆ ಸೇರಿದ ಸಾಧನಗಳು ಪರಸ್ಪರ ಮಾತಾಡದಂತೆ ಅದು ತಡೆಯುತ್ತದೆ. ಹೋಟೆಲಿಗೆ ಒಳ್ಳೆಯದು. ನಮಗೆ ಬೇಡ, ಯಾಕೆಂದರೆ ಲ್ಯಾಪ್‌ಟಾಪ್‌ಗೆ ಪ್ರಿಂಟರ್ ಸಿಗುವುದಿಲ್ಲ. ಹತ್ತು ನಿಮಿಷ ಯಾರೂ ಬಳಸದಿದ್ದರೆ ವೈಫೈ ಮಲಗಿಕೊಳ್ಳುವ ಸೆಟ್ಟಿಂಗ್ ಕೂಡ ಬಹಳ ರೂಟರ್‌ಗಳಲ್ಲಿ ಇದೆ. ಊಟದ ಬಿಡುವಿನ ನಂತರ "ರೂಟರ್ ಸತ್ತುಹೋಯ್ತು" ಅಂತ ಬರುವ ಕರೆ ಇದರದ್ದೇ. ಎಷ್ಟು ಸಾಧನ ಸೇರಬಹುದು ಅನ್ನುವ ಮಿತಿಯನ್ನೂ ನೋಡಿ. ಮಿತಿ 10 ಇದ್ದಾಗ ನಮ್ಮವರ ಸ್ವಂತ ಫೋನುಗಳೇ ಅರ್ಧ ಜಾಗ ತಿಂದರೆ ಕೊನೆಯ ಸ್ಕ್ಯಾನರ್ ಹೊರಗೇ ನಿಲ್ಲುತ್ತದೆ.

ಲ್ಯಾಪ್‌ಟಾಪ್‌ಗಳ ಕಡೆಯೂ ಒಂದು ಕೆಲಸ ಇದೆ. ವಿಂಡೋಸ್‌ನಲ್ಲಿ ಈ ವೈಫೈಯನ್ನು ಮೀಟರ್ಡ್ ಕನೆಕ್ಷನ್, ಅಂದರೆ ಡೇಟಾ ಮಿತಿ ಇರುವ ಸಂಪರ್ಕ ಅಂತ ಗುರುತು ಮಾಡಬೇಕು. ಇಲ್ಲದಿದ್ದರೆ ದಿನದ ಡೇಟಾವನ್ನು ಬೆಳಿಗ್ಗೆ ಹತ್ತು ಗಂಟೆಯೊಳಗೆ ಅಪ್‌ಡೇಟ್‌ಗಳೇ ಕುಡಿದು ಮುಗಿಸುತ್ತವೆ.

ಸಿಮ್‌ಗೆ ಬರುವ ಮೆಸೇಜು ಎಲ್ಲಿ ಹೋಗುತ್ತದೆ ಅಂತ ಯಾರೂ ಯೋಚಿಸುವುದಿಲ್ಲ. ರೀಚಾರ್ಜ್ ಒಟಿಪಿ, ಡೇಟಾ ಮುಗಿಯುತ್ತಿದೆ ಅನ್ನುವ ಸೂಚನೆ ಎಲ್ಲ ರೂಟರ್‌ನೊಳಗೇ ಬಿದ್ದಿರುತ್ತವೆ. ಒಳಪುಟದಲ್ಲಿ ಎಸ್‌ಎಂಎಸ್ ಅನ್ನುವ ಭಾಗ ತೆರೆದರೆ ಸಿಗುತ್ತವೆ. ಇದು ಗೊತ್ತಿಲ್ಲದೆ ಸಿಮ್ ಕಿತ್ತು ಫೋನಿಗೆ ಹಾಕಿ ಒಟಿಪಿ ನೋಡಿ ಮತ್ತೆ ರೂಟರ್‌ಗೆ ಹಾಕುವವರಿದ್ದಾರೆ.

ಆಫೀಸಿನ ಟೇಬಲ್ ಮೇಲೆ ಎಲ್ಲ ಓಡಿತು ಅಂದರೆ ಕೆಲಸ ಮುಗಿಯಲಿಲ್ಲ. ತುಮಕೂರು ರಸ್ತೆಯ ಮಾದಾವರದ ವಸ್ತುಪ್ರದರ್ಶನ ಕೇಂದ್ರದಂಥ ದೊಡ್ಡ ಹಾಲಿನ ಒಳಗೆ, ನೆಲಮಾಳಿಗೆಯಲ್ಲಿ, ಲೋಹದ ಚಾವಣಿಯ ಕೆಳಗೆ ಸಿಗ್ನಲ್ ಬೇರೆಯೇ. ಒಳಪುಟದಲ್ಲಿ ಆರ್‌ಎಸ್‌ಆರ್‌ಪಿ ಅನ್ನುವ, ಟವರ್ ಸಿಗ್ನಲ್ ಎಷ್ಟು ಜೋರಾಗಿದೆ ಅಂತ ಹೇಳುವ ಅಂಕಿ ಇದ್ದರೆ ಅದನ್ನು ನೋಡುವುದು ಕಲಿಸುತ್ತೇನೆ. ಮೈನಸ್ 80ರ ಆಸುಪಾಸು ಚೆನ್ನಾಗಿದೆ, ಮೈನಸ್ 110 ದಾಟಿದರೆ ಜಾಗ ಬದಲಿಸಿ. ರೂಟರನ್ನು ಮೇಜಿನ ಕೆಳಗಿನ ಕಬ್ಬಿಣದ ಡ್ರಾಯರ್‌ನಲ್ಲಿ ಇಡುವವರೇ ಜಾಸ್ತಿ. ಕಿಟಕಿ ಕಡೆ, ಸ್ವಲ್ಪ ಎತ್ತರದಲ್ಲಿ, ಬಿಸಿಲು ಬೀಳದ ಹಾಗೆ ಇಡಬೇಕು.

ಅಂಕಿ ಚೆನ್ನಾಗಿದ್ದೂ ನೆಟ್ ಓಡದ ಜಾಗಗಳಿವೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಆವರಣವಾದ ಜಿಕೆವಿಕೆಯ ಕೃಷಿ ಮೇಳದ ಮಧ್ಯಾಹ್ನವನ್ನೇ ತಗೊಳ್ಳಿ. ಕಡ್ಡಿಗಳೆಲ್ಲ ತುಂಬಿರುತ್ತವೆ, ಪುಟ ಮಾತ್ರ ತಿರುಗುತ್ತಲೇ ಇರುತ್ತದೆ. ಮೆಜೆಸ್ಟಿಕ್ ಬಸ್ಸು ಎದುರಿಗೇ ನಿಂತಿದ್ದರೂ ಕಾಲಿಡೋಕೆ ಜಾಗ ಇಲ್ಲದ ಹಾಗೆ. ಕಡ್ಡಿ ತೋರಿಸುವುದು ಟವರ್‌ನ ಸಿಗ್ನಲ್ ಎಷ್ಟು ಜೋರಾಗಿ ತಲುಪುತ್ತಿದೆ ಅಂತ, ಟವರ್‌ನಲ್ಲಿ ನಿಮಗೆ ಜಾಗ ಇದೆಯಾ ಅಂತ ಅಲ್ಲ. ಇಂಥ ಕಡೆ ಸೆಟ್ಟಿಂಗ್ ತಿರುವಿ ಪ್ರಯೋಜನ ಇಲ್ಲ. ಬೇರೆ ಕಂಪನಿಯ ಸಿಮ್ ಇರುವ ಎರಡನೇ ರೂಟರ್ ಜೊತೆಗಿರಬೇಕು. ಎರಡಕ್ಕೂ ಒಂದೇ ವೈಫೈ ಹೆಸರು, ಒಂದೇ ಪಾಸ್‌ವರ್ಡ್ ಇಟ್ಟಿರುತ್ತೇನೆ. ಒಂದನ್ನು ಆರಿಸಿ ಇನ್ನೊಂದನ್ನು ಹಚ್ಚಿದರೆ ಲ್ಯಾಪ್‌ಟಾಪ್, ಪ್ರಿಂಟರ್ ಎಲ್ಲ ತಾವೇ ಸೇರಿಕೊಳ್ಳುತ್ತವೆ. ಎರಡನ್ನೂ ಒಟ್ಟಿಗೆ ಆನ್ ಇಡಬಾರದು ಅಷ್ಟೇ. ಪ್ರಿಂಟರ್ ಒಂದಕ್ಕೆ, ಲ್ಯಾಪ್‌ಟಾಪ್ ಇನ್ನೊಂದಕ್ಕೆ ಸೇರಿ ಮತ್ತೆ ಗೊಂದಲ.

ಇದೆಲ್ಲವನ್ನೂ ನಾನೇ ಕೂತು ಮಾಡಿ, ಸಿದ್ಧವಾದ ಡಬ್ಬ ಕೊಟ್ಟರೆ ಬೇಗ ಮುಗಿಯುತ್ತದೆ. ಆದರೂ ಈಗ ಹಾಗೆ ಮಾಡುವುದಿಲ್ಲ. ರೂಟರ್ ಯಾರು ಒಯ್ಯುತ್ತಾರೋ ಅವರ ಕೈಯಲ್ಲೇ ಸಿಮ್ ಹಾಕಿಸುತ್ತೇನೆ, ಪುಟ ತೆರೆಸುತ್ತೇನೆ, ಒಂದು ಸಲ ಬೇಕಂತಲೇ ಎಪಿಎನ್ ಅಳಿಸಿ ಸರಿ ಮಾಡಿಸುತ್ತೇನೆ. ಹೀಗೆ ಮಾಡಿದವರು ಕಾರ್ಯಕ್ರಮದ ಜಾಗದಿಂದ ಫೋನ್ ಮಾಡಿದಾಗ "ವೈಫೈ ಬರ್ತಿಲ್ಲ" ಅನ್ನುವುದಿಲ್ಲ. "ಪುಟ ತೆರೀತಿದೆ, ಟವರ್ ಸಿಕ್ಕಿದೆ, ಡೇಟಾ ಮಾತ್ರ ಇಲ್ಲ, ರೀಚಾರ್ಜ್ ನೋಡ್ತೀರಾ?" ಅನ್ನುತ್ತಾರೆ. ಅಷ್ಟು ಹೇಳಿದರೆ ನಾನು ರಾಜಾಜಿನಗರದಲ್ಲೇ ಕೂತು ಸರಿ ಮಾಡಬಹುದು. ಪೀಣ್ಯ ಫ್ಲೈಓವರ್ ಮೇಲೆ ಸಿಕ್ಕಿಹಾಕಿಕೊಳ್ಳುವುದು ತಪ್ಪುತ್ತದೆ.

ಕಾರ್ಯಕ್ರಮ ಮುಗಿದು ರೂಟರ್ ವಾಪಸ್ ಬಂದಾಗ ವೈಫೈ ಪಾಸ್‌ವರ್ಡ್ ಬದಲಿಸುತ್ತೇವೆ, ಏಕೆಂದರೆ ಆಯೋಜಕರ ಕಡೆಯವರು ಅದನ್ನು ಕೇಳಿ ಪಡೆದೇ ಇರುತ್ತಾರೆ. ಬ್ಯಾಟರಿಯನ್ನು ಅರ್ಧ ಚಾರ್ಜ್‌ನಲ್ಲಿ ಇಟ್ಟು ಎತ್ತಿಡುತ್ತೇವೆ. ಸಿಮ್ 90 ದಿನ ಬಳಕೆಯೇ ಇಲ್ಲದೆ ಬಿದ್ದಿದ್ದರೆ ಆ ನಂಬರನ್ನು ಮೊಬೈಲ್ ಕಂಪನಿ ನಿಲ್ಲಿಸಬಹುದು. ಹಾಗಾಗಿ ಕಾರ್ಯಕ್ರಮಗಳು ಕಡಿಮೆ ಇರುವ ತಿಂಗಳುಗಳಲ್ಲಿ ಪ್ರತಿ ರೂಟರನ್ನೂ ಸರದಿಯಂತೆ ಆಫೀಸಿನಲ್ಲೇ ಒಂದೊಂದು ದಿನ ಬಳಸುತ್ತೇವೆ.