ಪಗಾರ ಚೀಟಿಯಲ್ಲಿ ಕಡಿಮೆಯಾದ 5,200

"ಕೊಡತೀವಿ ಅಂತ ಹೇಳಿ ಕಸ್ಕೊಳ್ಳಾಕತ್ತೀರಲ್ರೀ? 5,200 ಎಲ್ಲಿ ಹೋತು?"

ಮೇ ತಿಂಗಳ ಮೊದಲ ವಾರ. ಪ್ಲಾಂಟ್ ಮ್ಯಾನೇಜರ್ ಸಾಹೇಬರು ಏಪ್ರಿಲ್ ಪಗಾರ ಚೀಟಿ ಹಿಡಿದು ನನ್ನ ಟೇಬಲ್ ಮುಂದೆ ನಿಂತಿದ್ದರು. ಬೆಳಗಾವಿ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ, ಅಂದರೆ ಲೋಹ ಕರಗಿಸಿ ಅಚ್ಚಿಗೆ ಹೊಯ್ಯುವ ಕಾರ್ಖಾನೆಯಲ್ಲಿ, ಲೆಕ್ಕ ನೋಡುವವನು ನಾನು. ತಪ್ಪು ನನ್ನದೇ ಇತ್ತು.

ಅದಕ್ಕೂ ಎರಡು ತಿಂಗಳ ಹಿಂದೆ ಅವರಿಗೆ ಕೊಲ್ಹಾಪುರದ ಕಡೆಯಿಂದ ಕೆಲಸಕ್ಕೆ ಕರೆ ಬಂದಿತ್ತು. ಅಲ್ಲಿ ಶಿರೋಳಿಯಲ್ಲೂ ಫೌಂಡ್ರಿಗಳೇ ಫೌಂಡ್ರಿಗಳು, ಹೆದ್ದಾರಿ ಹಿಡಿದರೆ ಎರಡು ತಾಸಿನ ದಾರಿ. ಹೊಯ್ದ ಕಾಸ್ಟಿಂಗ್‌ನಲ್ಲಿ ಬ್ಲೋಹೋಲ್ (ಗಾಳಿ ತೂತು) ಬಂದರೆ ತಪ್ಪು ಮರಳಿನದೋ ಮೆಟಲ್‌ನದೋ ಅಂತ ನೋಡಿದ ಕೂಡಲೇ ಹೇಳುವ ಮನುಷ್ಯ ಅವರು. ಬಿಟ್ಟರೆ ಮತ್ತೆ ಸಿಗೋದಿಲ್ಲ ಅಂತ ಮಾಲಕರಿಗೆ ಭಯ. ಬರೀ ಪಗಾರ ಏರಿಸಿದರೆ ಉಳಿದವರೂ ಕೇಳುತ್ತಾರೆ ಅನ್ನೋ ಲೆಕ್ಕಾಚಾರದಲ್ಲಿ ವಿಮೆ ಏಜೆಂಟ್‌ನ ಮಾತು ಕೇಳಿದರು. ಜೀವವಿಮೆ ಪಾಲಿಸಿ ಇರೋದು ಮ್ಯಾನೇಜರ್ ಸಾಹೇಬರ ಹೆಸರಲ್ಲಿ, ವರ್ಷಕ್ಕೆ 2 ಲಕ್ಷ ಪ್ರೀಮಿಯಂ ಕಂಪನಿಯಿಂದ. ಐದು ವರ್ಷದೊಳಗೆ ಬಿಟ್ಟು ಹೋದರೆ ಅವರು ಇಷ್ಟು ಪಾಲು ವಾಪಸ್ ಕೊಡಬೇಕು ಅಂತ ಬೇರೆ ಕರಾರು ಪತ್ರ.

ಅವತ್ತು ಅವರು ಕೇಳಿದ್ದು ಒಂದೇ ಪ್ರಶ್ನೆ. "ನಾ ಸತ್ತರ ರೊಕ್ಕ ಯಾರಿಗ್ರೀ?"

ಸರಿಯಾದ ಪ್ರಶ್ನೆ. ಕೀಮ್ಯಾನ್ ಪಾಲಿಸಿ, ಅಂದರೆ ಮುಖ್ಯ ನೌಕರನ ಮೇಲೆ ಕಂಪನಿ ತನಗಾಗಿ ಮಾಡಿಸುವ ವಿಮೆ ಆಗಿದ್ದರೆ ಕಂಪನಿಗೆ. ಅದನ್ನು ಮಾಡಿಸೋದೇ ಕಂಪನಿ ತನ್ನ ನಷ್ಟಕ್ಕೆ ಅಂತ. ಇದು ಹಾಗಲ್ಲ, ರೊಕ್ಕ ನಿಮ್ಮ ಮನೆಯವರಿಗೇ ಅಂದೆ. ನಾಮಿನಿ ಜಾಗದಲ್ಲಿ ಹೆಂಡತಿಯ ಹೆಸರು ಬರೆಸಿ ಸಹಿ ಹಾಕಿದರು. ಏಜೆಂಟ್ "ಟ್ಯಾಕ್ಸ್ ಫ್ರೀ" ಅಂತ ನಾಲ್ಕು ಸಲ ಅಂದ, ನಾನು ಸುಮ್ನೆ ಕೂತಿದ್ದೆ.

ಆದರೆ ನೌಕರನ ವಿಮೆಗೆ ಮಾಲಕರು ಕಟ್ಟುವ ಪ್ರೀಮಿಯಂ ಅವನ ಸಂಬಳದ ಭಾಗವೇ, ಆದಾಯ ತೆರಿಗೆಯವರ ಭಾಷೆಯಲ್ಲಿ ಪರ್ಕ್ವಿಸಿಟ್. ಇವರು ಹಳೇ ತೆರಿಗೆ ಪದ್ಧತಿಯಲ್ಲಿ 30% ಸ್ಲ್ಯಾಬ್‌ನವರು. ಸೆಸ್ ಸೇರಿ 31.2%, ಅಂದರೆ 2 ಲಕ್ಷಕ್ಕೆ 62,400. ಪಗಾರದಿಂದ ಹಿಡಿದದ್ದು ತಿಂಗಳಿಗೆ ಆ 5,200. 80ಸಿ (ವಿಮೆ, ಉಳಿತಾಯಕ್ಕೆ ಸಿಗುವ ತೆರಿಗೆ ರಿಯಾಯಿತಿ) ಅಡಿ ಉಳಿಸೋಣ ಅಂದರೆ ಪಿಎಫ್, ಮನೆ ಸಾಲದ ಅಸಲು ಸೇರಿಯೇ ಒಂದೂವರೆ ಲಕ್ಷದ ಮಿತಿ ತುಂಬಿತ್ತು. ಕೈಗೆ ಒಂದು ಪೈಸೆ ಬಾರದ ರೊಕ್ಕಕ್ಕೆ ಕೈಯಿಂದ ಕಟ್ಟೋದು ಅಂದರೆ ಯಾರಿಗಾದರೂ ಉರಿಯುತ್ತೆ, ಅಲ್ವಾ?

ಇಬ್ಬರೂ ಮಾಲಕರ ಕ್ಯಾಬಿನ್‌ಗೆ ಹೋದೆವು. ತೆರಿಗೆಯನ್ನೂ ಕಂಪನಿಯೇ ಕೊಡಲಿ ಅಂದೆ. ಮಾಲಕರು ತಕ್ಷಣ "62,400 ತಾನೇ, ಕೊಡು" ಅಂದರು. ಅಷ್ಟು ಸಾಕಾಗಲ್ಲ ಸಾಹೇಬ್ರ, ಆ ರೊಕ್ಕಕ್ಕೂ ತೆರಿಗೆ ಬೀಳುತ್ತೆ, ಸುಮಾರು 90,700 ಬೇಕು ಅಂದಾಗ ಕನ್ನಡಕ ತೆಗೆದು ಟೇಬಲ್ ಮೇಲಿಟ್ಟರು. ಎರಡು ಸಲ ಕ್ಯಾಲ್ಕುಲೇಟರ್ ಒತ್ತಿ ತೋರಿಸಿದೆ. ಎಲ್ಲ ಕಂಪನಿಯ ಖರ್ಚಿನಲ್ಲೇ ತೋರಿಸಬಹುದು ಅಂದ ಮೇಲೆ ಮುಖ ಸ್ವಲ್ಪ ಸಡಿಲಾಯಿತು.

"ಇದನ್ನ ಮೊದಲ ಹೇಳಬೇಕಿತ್ತು" ಅಂದರು ಮಾಲಕರು. ಮ್ಯಾನೇಜರ್ ಸಾಹೇಬರು ನನ್ನ ಕಡೆ ನೋಡಲಿಲ್ಲ, ಪುಣ್ಯಾತ್ಮರು. "ಕಾಗದದಾಗ ಬರದು ಕೊಡ್ರಿ" ಅಂದಷ್ಟೇ ಹೇಳಿ ಫರ್ನೇಸ್ ಕಡೆ ನಡೆದರು.

ಸಂಜೆ ಆ ಕಾಗದ ಟೈಪ್ ಮಾಡುತ್ತಿದ್ದಾಗ ಪ್ಯಾಟರ್ನ್ ಶಾಪ್ ಸೂಪರ್‌ವೈಸರ್ ಬಾಗಿಲಲ್ಲಿ ಇಣುಕಿದ. "ಅಣ್ಣಾ, ಆ ಇನ್ಶೂರೆನ್ಸ್ ನಮಗ ಯಾವಾಗ?"